ಸುಡುಗಾಡು ಮಲ್ಲಿಗೆ, ನೀರೆತ್ತುವ ಪಂಪು

ಮಾರಿಕುಪ್ಪಂನಿಂದ ಹೊರಟ ಬೆಳಗಿನ ರೈಲು ಚಾಂಪಿಯನ್, ಉರಿಗಾಂ ದಾಟಿ ಕೋರಮಂಡಲ್‌ಗೆ ಬರುವಷ್ಟರಲ್ಲಿ ಕಿಟಕಿ ಪಕ್ಕದ ಸೀಟಿನ ಆಸೆ ಬಿಡಬೇಕು. ಬೆಂಗಳೂರಿಗೆ ದಿನಾ ಹೋಗಿಬರುವವರ ಟಿಫಿನ್ ಚೀಲಗಳು ಆಗಲೇ ಕೊಕ್ಕೆಗಳಲ್ಲಿ ನೇತಾಡುತ್ತಿರುತ್ತವೆ. ಒಂದು ಬೋಗಿಯಲ್ಲಿ ತಮಿಳು, ಕನ್ನಡ, ತೆಲುಗು, ಉರ್ದು ನಾಲ್ಕೂ ಒಟ್ಟಿಗೆ ಆಕಳಿಸುತ್ತವೆ. ಪ್ಲಾಟ್‌ಫಾರಂ ಮೇಲೆ ನಿಂತರೆ ಎದುರಿಗೆ ಸೈನೈಡ್ ದಿಬ್ಬ. ಮೊದಲ ಸಲ ನೋಡುವವರಿಗೆ ಗುಡ್ಡವೇ ಅನ್ನಿಸುತ್ತದೆ. ತಲೆ ಸಪಾಟು, ಬಣ್ಣ ಬೂದಿಗೂ ಹಳದಿಗೂ ನಡುವಿನದು, ಮೈತುಂಬ ಮಳೆನೀರು ಕೊರೆದ ಗೆರೆಗಳು. ಪಾತಾಳದಿಂದ ಎತ್ತಿ ತಂದ ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿಕೊಂಡು, ಉಳಿದದ್ದನ್ನು ಸುರಿದ ರಾಶಿ ಅದು. ಇಂಥ ದಿಬ್ಬಗಳು ಕೆಜಿಎಫ್ ಸುತ್ತ ಹತ್ತಾರಿವೆ. ಎಲ್ಲ ಸೇರಿದರೆ ಮೂರು ಕೋಟಿ ಟನ್ ಮೀರುತ್ತದೆ.

ದಿಬ್ಬದ ಮೇಲೆ ಹೆಚ್ಚೇನೂ ಬೆಳೆಯುವುದಿಲ್ಲ. ಆದರೆ ಅದರ ಕಾಲಬುಡದಲ್ಲಿ, ಹಳಿಯ ಜಲ್ಲಿಯ ಅಂಚಿನಲ್ಲಿ, ಮುರಿದ ಕಾಂಪೌಂಡಿನ ಬಿರುಕಿನಲ್ಲಿ ಒಂದು ಗಿಡ ಯಾರ ಹಂಗೂ ಇಲ್ಲದೆ ಹೂ ಬಿಟ್ಟಿರುತ್ತದೆ. ಮೊಣಕಾಲೆತ್ತರ, ನುಣುಪು ಎಲೆ, ಐದೆಸಳಿನ ಹೂವು. ಕೆಲವು ಗುಲಾಬಿ, ಕೆಲವು ಬಿಳಿ, ನಟ್ಟನಡುವೆ ಕುಂಕುಮದ ಬೊಟ್ಟಿನಂಥ ಚುಕ್ಕೆ. ನಮ್ಮ ಮನೆಗಳಲ್ಲಿ ಇದು ನಿತ್ಯಪುಷ್ಪ, ಕಾಶಿಕಣಗಿಲೆ. ತಮಿಳರ ಬಾಯಲ್ಲಿ ‘ಸುಡುಗಾಟ್ಟು ಮಲ್ಲಿ’, ಅಂದರೆ ಸುಡುಗಾಡು ಮಲ್ಲಿಗೆ. ನೀರು ಹಾಕುವವರಿಲ್ಲದ ಸಮಾಧಿಗಳ ನಡುವೆಯೂ ವರ್ಷವಿಡೀ ಅರಳುವುದರಿಂದ ಆ ಹೆಸರು. ಎಲೆ ಕಹಿ, ವಿಷ. ದಿಬ್ಬದ ಬುಡದಲ್ಲಿ ಮೇಯುತ್ತಿದ್ದ ಮೇಕೆಯೊಂದು ಅದನ್ನು ಮೂಸಿ, ಮೂತಿ ತಿರುಗಿಸಿ ಪಕ್ಕದ ಒಣಹುಲ್ಲಿಗೆ ಹೋಯಿತು.

“ಸಕ್ಕರೆ ಕಾಯಿಲೆಗೆ ಒಳ್ಳೇದು ಸಾರ್, ಬೆಳಿಗ್ಗೆ ಎದ್ದು ನಾಕು ಎಲೆ ಅಗಿಯೋರು ಇದಾರೆ” ಎಂದರು ಬೆಂಚಿನ ಮೇಲಿದ್ದ ಹಿರಿಯರು. ಗಣಿಯಲ್ಲಿ ಪಂಪ್ ನೋಡಿಕೊಳ್ಳುತ್ತಿದ್ದವರಂತೆ. ಮಾತಿನ ಮಧ್ಯೆ ಆಗಾಗ ಕೆಮ್ಮು ಬಂದು ಅವರನ್ನು ತಡೆಯುತ್ತಿತ್ತು. ಕಲ್ಲಿನ ಧೂಳು ಕುಡಿದ ಎದೆಯ ಆ ಒಣ ಕೆಮ್ಮನ್ನು ಈ ಊರಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಎಲೆ ಅಗಿಯುವ ಆ ಪದ್ಧತಿ ಇಲ್ಲಿಯದಷ್ಟೇ ಅಲ್ಲ. ಗಿಡದ ತವರು ಮಡಗಾಸ್ಕರ್. ಹಡಗು ಹತ್ತಿ ಬಿಸಿನಾಡುಗಳಿಗೆಲ್ಲ ಹರಡಿದಾಗ ಸಕ್ಕರೆ ಕಾಯಿಲೆಯ ಮದ್ದೆಂಬ ಖ್ಯಾತಿಯೂ ಜೊತೆಗೆ ಹೋಯಿತು. 1952ರಲ್ಲಿ ಜಮೈಕಾದಿಂದ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಒಂದು ಲಕೋಟೆ ಬಂತು. ಒಳಗೆ ಈ ಗಿಡದ 25 ಎಲೆಗಳು. ಅವರು ಅದನ್ನು ಸಂಶೋಧಕರಾಗಿದ್ದ ಸೋದರ ರಾಬರ್ಟ್ ನೋಬಲ್ ಕೈಗಿತ್ತರು. ರಾಬರ್ಟ್ ಎಲೆಯ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ, ಬಿಳಿರಕ್ತಕಣಗಳು ಇಳಿದವು. ಬಿಳಿಕಣ ಹುಚ್ಚೆದ್ದು ಹೆಚ್ಚುವ ಕಾಯಿಲೆಯೇ ರಕ್ತದ ಕ್ಯಾನ್ಸರ್ ಅಲ್ಲವೇ? ಸಹೋದ್ಯೋಗಿ ಚಾರ್ಲ್ಸ್ ಬಿಯರ್ ಜೊತೆ ಸೇರಿ ಅವರು ಎಲೆಯಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅಮೆರಿಕದ ಎಲೈ ಲಿಲ್ಲಿ ಕಂಪನಿಯವರು ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ತೆಗೆದರು. 1963ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡುವ ಔಷಧಿಗಳ ಪಟ್ಟಿಯಲ್ಲಿ ಅದು ಇಂದಿಗೂ ಮೊದಲ ಸಾಲಿನಲ್ಲಿದೆ.

ಎಲೆಯಲ್ಲಿ ಅದು ಇರುವುದು ಎಷ್ಟು? ಒಂದು ಗ್ರಾಂ ಸಿಗಬೇಕಾದರೆ ನೂರಾರು ಕಿಲೋ ಒಣ ಎಲೆ ಬೇಕು. ಕೆಜಿಎಫ್‌ನವರಿಗೆ ಈ ಲೆಕ್ಕ ಹೊಸದೇನಲ್ಲ. 120 ವರ್ಷಗಳಲ್ಲಿ ಇಲ್ಲಿ ಸಿಕ್ಕ ಚಿನ್ನ ಸುಮಾರು 800 ಟನ್ ಆದರೂ ಕೊನೆಕೊನೆಗೆ ಒಂದು ಟನ್ ಅದಿರು ಅರೆದರೆ ಉಳಿಯುತ್ತಿದ್ದದ್ದು ಕೆಲವೇ ಗ್ರಾಂ. ಎಲೆಯದೂ ಹಾಗೇ, ಉಳಿದದ್ದೆಲ್ಲ ದಿಬ್ಬ. ಆದರೆ ಔಷಧಿಯ ಒಂದು ಗ್ರಾಂ ದೂರ ಹೋಗುತ್ತದೆ. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿಸುವುದಿಲ್ಲ. ಅಂದರೆ ಒಂದು ಗ್ರಾಂ ಐನೂರು ಸೂಜಿಗೆ ಸಾಕು.

ಅಷ್ಟು ಚೂರು ಔಷಧಿ ಕೋಶದೊಳಗೆ ಮಾಡುವುದೇನು? ಕೋಶವೊಂದು ಎರಡಾಗುವಾಗ ಅದರ ವರ್ಣತಂತುಗಳನ್ನು ಆ ಕಡೆಗೊಂದು ಪಾಲು ಈ ಕಡೆಗೊಂದು ಪಾಲು ಎಳೆದೊಯ್ಯಲು ಹಗ್ಗಗಳು ಹುಟ್ಟಿಕೊಳ್ಳುತ್ತವೆ. ಟ್ಯೂಬುಲಿನ್ ಎಂಬ ಪ್ರೋಟೀನಿನ ಇಟ್ಟಿಗೆ ಮೇಲೆ ಇಟ್ಟಿಗೆ ಕೂತು ಆಗುವ ಕೊಳವೆಯಂಥ ಹಗ್ಗಗಳವು. ವಿನ್‌ಕ್ರಿಸ್ಟಿನ್ ಆ ಇಟ್ಟಿಗೆಗೆ ಅಂಟಿಕೊಂಡು ಹಗ್ಗ ಹೊಸೆಯದಂತೆ ಮಾಡುತ್ತದೆ. ಶಾಫ್ಟಿನ ಬಾಯಲ್ಲಿ ಕೇಜ್ ಇದೆ, ಜನ ಹತ್ತಿ ನಿಂತಿದ್ದಾರೆ, ರೋಪ್ ಮಾತ್ರ ಇಲ್ಲ. ಎರಡಾಗಲು ಹೊರಟ ಕೋಶ ಅರ್ಧದಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ನರಗಳ ಉದ್ದಕ್ಕೂ ಇಂಥವೇ ಹಗ್ಗಗಳಿರುವುದರಿಂದ ಅಲ್ಲಿಯೂ ಪೆಟ್ಟು ಬೀಳುತ್ತದೆ. ಬೆರಳ ತುದಿ ಜುಮ್ಮೆನ್ನುತ್ತದೆ, ಪಾದ ಸೋಲುತ್ತದೆ, ಮಲಬದ್ಧತೆ ಕಾಡುತ್ತದೆ.

ಇಷ್ಟು ಸರಳವಾಗಿದ್ದಿದ್ದರೆ ಕ್ಯಾನ್ಸರ್ ಯಾವಾಗಲೋ ಸೋಲಬೇಕಿತ್ತು. ಆಗುವುದು ಬೇರೆ. ಮೊದಲ ಸುತ್ತಿನಲ್ಲಿ ಗೆಡ್ಡೆ ಕರಗುತ್ತದೆ, ಮನೆಯವರು ಹರಕೆ ತೀರಿಸುತ್ತಾರೆ. ಕೆಲವರಲ್ಲಿ ಒಂದೆರಡು ವರ್ಷಕ್ಕೆ ಅದು ಮರಳುತ್ತದೆ, ಮರಳಿದಾಗ ಹಳೆಯ ಔಷಧಿಗೆ ಜಗ್ಗುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಎಂದೂ ಕೊಟ್ಟಿರದ ಔಷಧಿಗಳಿಗೂ ಜಗ್ಗುವುದಿಲ್ಲ. ಕೋಶ ಇದನ್ನೆಲ್ಲ ಎಲ್ಲಿ ಕಲಿತಿತು?

ಮೊದಲ ಸುಳಿವು ಡೆನ್ಮಾರ್ಕಿನಿಂದ ಬಂತು. 1973ರಲ್ಲಿ ಕೆಲ್ಡ್ ಡಾನೊ ಎಂಬ ಸಂಶೋಧಕರು, ಮೊಂಡುಬಿದ್ದ ಕ್ಯಾನ್ಸರ್ ಕೋಶದೊಳಕ್ಕೆ ಔಷಧಿ ಹೋಗುತ್ತದೆ, ಆದರೆ ಕೋಶ ಶಕ್ತಿ ಖರ್ಚುಮಾಡಿ ಅದನ್ನು ಹೊರಗೆ ತಳ್ಳುತ್ತದೆ ಎಂದು ತೋರಿಸಿದರು. ತಳ್ಳುವವರು ಯಾರೆಂದು ಗುರುತು ಹಿಡಿದದ್ದು 1976ರಲ್ಲಿ ಟೊರಾಂಟೊದ ರುಡಾಲ್ಫ್ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್. ಅವರು ಹ್ಯಾಮ್‌ಸ್ಟರ್ ಕೋಶಗಳನ್ನು ಕಾಲ್ಚಿಸಿನ್ ಎಂಬ ವಿಷದಲ್ಲಿ ಬೆಳೆಸಿ ಬೆಳೆಸಿ ಪಳಗಿಸಿದ್ದರು. ನಮ್ಮ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿರುವ ವಿಷವೂ ಅದೇ. ಪಳಗಿದ ಕೋಶಗಳ ಪೊರೆಯಲ್ಲಿ, ಸಾಮಾನ್ಯ ಕೋಶಗಳಲ್ಲಿ ಅಷ್ಟಾಗಿ ಕಾಣದ ಒಂದು ದೊಡ್ಡ ಪ್ರೋಟೀನು ತುಂಬಿಕೊಂಡಿತ್ತು. ಪೊರೆ ಏನನ್ನು ಒಳಬಿಡುತ್ತದೆ ಎಂಬ ಗುಣಕ್ಕೆ, ಅಂದರೆ ಪರ್ಮಿಯಬಿಲಿಟಿಗೆ, ಸಂಬಂಧಪಟ್ಟದ್ದೆಂದು ಅದಕ್ಕೆ ಪಿ-ಗ್ಲೈಕೊಪ್ರೋಟೀನ್ ಎಂದು ಹೆಸರಿಟ್ಟರು.

ಅದೊಂದು ಪಂಪು. 1,280 ಅಮೈನೊ ಆಮ್ಲಗಳ ಸರಪಳಿ ಕೋಶಪೊರೆಯನ್ನು ಹನ್ನೆರಡು ಸಲ ಹೊಲಿದು ನಿಂತಿರುತ್ತದೆ, ನಡುವೆ ಒಂದು ಪೊಟರೆ. ಪೊರೆಗೆ ನುಸುಳಿದ ಔಷಧಿ ಪೊಟರೆಗೆ ಬಿದ್ದೊಡನೆ ಕೋಶದ ಇಂಧನವಾದ ಎಟಿಪಿ ಉರಿಯುತ್ತದೆ, ಪಂಪು ಮಗ್ಗುಲು ಬದಲಿಸುತ್ತದೆ, ಔಷಧಿ ಆಚೆ ಬೀಳುತ್ತದೆ. ಇಂಥದ್ದೇ ಬೇಕೆಂಬ ಹಟ ಅದಕ್ಕಿಲ್ಲ. ಕಾಲ್ಚಿಸಿನ್ ಎಸೆಯಲು ಕಲಿತದ್ದು ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್, ಡಾನೊರುಬಿಸಿನ್ ಎಲ್ಲವನ್ನೂ ಎಸೆಯುತ್ತದೆ. ಕೊಟ್ಟಿರದ ಔಷಧಿಗೂ ಗೆಡ್ಡೆ ಜಗ್ಗದ ಗುಟ್ಟು ಬಹುಮಟ್ಟಿಗೆ ಇದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸುರೇಶ ಅಂಬುಡ್ಕರ್ ಅವರು ಇದೊಂದು ಪಂಪಿನ ಪೊಟರೆ, ಇಂಧನ, ಮಗ್ಗುಲು ಬದಲಿಸುವ ಬಗೆ ಇವುಗಳ ಮೇಲೆಯೇ ದಶಕಗಳ ಕಾಲ ದುಡಿದಿದ್ದಾರೆ.

ಇದನ್ನು ಬೆಂಚಿನ ಹಿರಿಯರಿಗೆ ಹೇಳಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಪಂಪು ಎಂದದ್ದೇ ಮುಖ ಅರಳಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಎಲ್ಲೆಲ್ಲಿಂದಲೋ ಜಿನುಗುವ ನೀರನ್ನು ಹಗಲೂ ರಾತ್ರಿ ಮೇಲೆತ್ತುತ್ತಲೇ ಇರಬೇಕಿತ್ತು. 1902ರ ಜೂನ್ 30ರಂದು ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿಯ ಮೇಲೆ ಕಾವೇರಿಯ ಕರೆಂಟು ಬಂದದ್ದು ಈ ಗಣಿಗಳಿಗಾಗಿಯೇ. ಬೆಂಗಳೂರಿನ ಬೀದಿಗೆ ದೀಪ ಬರುವ ಮೊದಲೇ ಇಲ್ಲಿ ಕರೆಂಟಿತ್ತು.

“ಹಬ್ಬಕ್ಕೆ ಗಣಿಗೆ ರಜ ಸಿಗೋದು ಸಾರ್, ಪಂಪಿಗೆ ರಜ ಇಲ್ಲ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಆ ಪಂಪ್ ನಿಲ್ಲಿಸಿಬಿಡೋದು ತಾನೆ? ಸ್ವಿಚ್ ಆಫ್” ಎಂದು ಕೇಳಿದರು.

ವಿಜ್ಞಾನಿಗಳಿಗೂ ಹೊಳೆದದ್ದು ಅದೇ. 1981ರಲ್ಲಿ ಜಪಾನಿನ ತಕಾಶಿ ತ್ಸುರುವೊ, ಹೃದ್ರೋಗ, ರಕ್ತದೊತ್ತಡಗಳಿಗೆ ಕೊಡುವ ವೆರಾಪಮಿಲ್ ಸೇರಿಸಿದರೆ ಮೊಂಡುಬಿದ್ದ ಕೋಶ ಮತ್ತೆ ವಿನ್‌ಕ್ರಿಸ್ಟಿನ್‌ಗೆ ಬಗ್ಗುತ್ತದೆಂದು ತೋರಿಸಿದರು. ಲೋಕವೆಲ್ಲ ಸಂಭ್ರಮಿಸಿತು. ಆದರೆ ರೋಗಿಯ ಮೈಯಲ್ಲಿ ಪಂಪು ನಿಲ್ಲುವಷ್ಟು ವೆರಾಪಮಿಲ್ ಕೊಟ್ಟರೆ ಹೃದಯ ತಾಳುವುದಿಲ್ಲ. ಇನ್ನೂ ಚುರುಕಾದ ವಾಲ್ಸ್‌ಪೊಡಾರ್ ಬಂತು, ಟಾರಿಕ್ವಿಡಾರ್ ಬಂತು. ದೊಡ್ಡ ಪರೀಕ್ಷೆಗಳಲ್ಲಿ ಅವೂ ಸೋತವು.

ಯಾಕೆ ಸೋತವು ಎಂಬುದಕ್ಕೆ ಆಮ್‌ಸ್ಟರ್‌ಡ್ಯಾಮಿನ ಇಲಿಗಳು ಉತ್ತರ ಹೇಳಿದ್ದವು. ಅಲ್ಲಿ ಆಲ್ಫ್ರೆಡ್ ಶಿಂಕೆಲ್ ಮತ್ತು ಸಂಗಡಿಗರು ಈ ಪಂಪಿನ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿದರು. ನೋಡಲು ಆರೋಗ್ಯವಾಗಿಯೇ ಇದ್ದವು. ಒಮ್ಮೆ ಇಲಿಕೋಣೆಗೆ ನುಸಿ ಹತ್ತಿತು. ಎಲ್ಲರೂ ಮಾಡುವಂತೆ ಐವರ್‌ಮೆಕ್ಟಿನ್ ಸಿಂಪಡಿಸಿದರು. ಮಾಮೂಲಿ ಇಲಿಗಳು ಆರಾಮಾಗಿದ್ದವು, ಪಂಪಿಲ್ಲದವು ಸತ್ತುಬಿದ್ದವು. ತೆಗೆದು ಅಳೆದರೆ ಮಿದುಳಿನಲ್ಲಿ ಆ ಔಷಧಿ ಮಾಮೂಲಿಗಿಂತ ಸುಮಾರು 90 ಪಟ್ಟು. 1994ರಲ್ಲಿ ಈ ವರದಿ ಹೊರಬಿದ್ದಾಗ ಪಂಪಿನ ನಿಜವಾದ ಕಸುಬು ತಿಳಿಯಿತು. ಅದು ಕ್ಯಾನ್ಸರ್ ಹುಟ್ಟಿಸಿದ ಯಂತ್ರವಲ್ಲ. ಕರುಳಿನ ಗೋಡೆಯಲ್ಲಿ, ಪಿತ್ತಕೋಶದ ದಾರಿಯಲ್ಲಿ, ಮೂತ್ರಪಿಂಡದಲ್ಲಿ, ಬಸುರಿಯ ಮಾಸಿನಲ್ಲಿ, ಮಿದುಳಿನ ರಕ್ತನಾಳಗಳಲ್ಲಿ ನಿಂತು, ನಾವು ತಿಂದದ್ದರಲ್ಲಿರುವ ವಿಷವನ್ನು ಹೊರಗೆಸೆಯುವ ಹಳೆಯ ಕಾವಲುಗಾರ. ಭೇದಿ ನಿಲ್ಲಲು ನುಂಗುವ ಲೋಪೆರಮೈಡ್ ಅಫೀಮಿನ ದಾಯಾದಿ. ಆದರೂ ನಮಗೆ ಅಮಲೇರದಿರುವುದು ಇವನು ಅದನ್ನು ಮಿದುಳಿನ ಹೊಸಿಲಲ್ಲೇ ತಡೆಯುವುದರಿಂದ. ಕ್ಯಾನ್ಸರ್ ಕೋಶ ಮಾಡಿದ್ದಿಷ್ಟೇ: ಊರ ಕಾವಲುಗಾರನನ್ನು ತನ್ನ ಮನೆಗೆ ಆಳಾಗಿ ಇಟ್ಟುಕೊಂಡಿತು. ಅವನನ್ನು ಕಟ್ಟಿಹಾಕಿದರೆ ಊರೆಲ್ಲ ಕಾವಲು ತಪ್ಪುತ್ತದೆ.

ಹಿರಿಯರು ತಲೆಯಾಡಿಸಿದರು. “ಅದೇ ಸಾರ್. ನಮ್ಮಲ್ಲೂ ಆಫ್ ಮಾಡಿದ್ರಲ್ಲ.” 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಕರೆಂಟು ಹೋಯಿತು, ಪಂಪು ನಿಂತವು, ಸುರಂಗಗಳಲ್ಲಿ ನೀರು ಏರತೊಡಗಿತು. ಅಜ್ಜ ಮುತ್ತಜ್ಜ ಕೊರೆದ ಹಂತಗಳೆಲ್ಲ ಈಗ ನೀರಿನಡಿ.

ಪಂಪು ನಿಲ್ಲಿಸುವಂತಿಲ್ಲವಾದರೆ ಇನ್ನೊಂದು ದಾರಿ ಉಂಟು. ಔಷಧಿಯನ್ನು ಒಂಟಿಯಾಗಿ ಕಳಿಸದೆ ಮೂಟೆ ಕಟ್ಟಿ ಕಳಿಸುವುದು. ಈ ದಾರಿಯಲ್ಲಿ ನಮ್ಮ ನಾಡಿನ ಒಂದು ಹೆಜ್ಜೆಯಿದೆ, ಅದೂ ಇದೇ ಹೂವಿನ ಔಷಧಿಯೊಂದಿಗೆ. ಕೋರಮಂಡಲ್‌ನಿಂದ ರಾಜ್ಯದ ಇನ್ನೊಂದು ಅಂಚು, ಮಣಿಪಾಲ. ಅಲ್ಲಿ ಔಷಧವಿಜ್ಞಾನಿ ಎನ್. ಉಡುಪ ಮತ್ತು ಜಿ. ಪಾರ್ಥಸಾರಥಿ, ಪಿ. ಉಮಾದೇವಿ ಮೊದಲಾದ ಸಂಗಡಿಗರು ವಿನ್‌ಕ್ರಿಸ್ಟಿನ್ನನ್ನು ನಿಯೋಸೋಮ್‌ಗಳಲ್ಲಿ ತುಂಬಿ ಇಲಿಗಳಿಗೆ ಕೊಟ್ಟು, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಮ್‌ಸ್ಟರ್‌ಡ್ಯಾಮಿನ ಇಲಿಗಳ ಕತೆ ಹೊರಬಿದ್ದ ವರ್ಷವೇ ಅದು.

ನಿಯೋಸೋಮ್ ಎಂದರೆ ಕಣ್ಣಿಗೆ ಕಾಣದ ಗುಳ್ಳೆ. ಸೋಪಿನಂತೆ ಒಂದು ತುದಿ ನೀರಿಗೆ ಒಲಿಯುವ, ಇನ್ನೊಂದು ತುದಿ ಜಿಡ್ಡಿಗೆ ಒಲಿಯುವ ಅಣುಗಳನ್ನು ಕೊಲೆಸ್ಟರಾಲ್ ಜೊತೆ ಸೇರಿಸಿ, ತೆಳುಪದರ ಮಾಡಿ, ಔಷಧಿಯ ದ್ರಾವಣದಲ್ಲಿ ಅಲುಗಿಸಿದರೆ ಪದರ ಸುರುಳಿಸುತ್ತಿ ಗುಳ್ಳೆಗಳಾಗುತ್ತವೆ, ಔಷಧಿ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಲಿಪೊಸೋಮ್ ಎಂಬ ಇದರ ಅಣ್ಣನಿಗೆ ದುಬಾರಿ ಫಾಸ್ಫೊಲಿಪಿಡ್ ಬೇಕು, ಇಟ್ಟರೆ ಬೇಗ ಕೆಡುತ್ತದೆ. ನಿಯೋಸೋಮ್ ಅಗ್ಗ, ಬಾಳಿಕೆಯೂ ಹೆಚ್ಚು. ನಮ್ಮಂಥ ದೇಶದ ಪ್ರಯೋಗಾಲಯಕ್ಕೆ ಒಗ್ಗುವ ಪಾತ್ರೆ. ಮೂಟೆಯೊಳಗಿನ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಮೆಲ್ಲಮೆಲ್ಲನೆ ಸೋರುತ್ತದೆ. ಮೂಟೆಯೊಡನೆಯೇ ಕೋಶ ನುಂಗಿಕೊಂಡರೆ ಪೊರೆಯಲ್ಲಿ ಕಾದು ಕೂತ ಪಂಪಿನ ಕಣ್ಣು ತಪ್ಪಿಸುವ ಸಂಭವವೂ ಇದೆ. ಮಣಿಪಾಲದ ಇಲಿಗಳಲ್ಲಿ ಕಂಡದ್ದು ಇದು: ಬರಿಯ ವಿನ್‌ಕ್ರಿಸ್ಟಿನ್‌ಗಿಂತ ಮೂಟೆಯದು ಗೆಡ್ಡೆಯ ಮೇಲೆ ಚೆನ್ನಾಗಿ ಕೆಲಸ ಮಾಡಿತು, ಮೈಗೆ ಕಡಿಮೆ ವಿಷವಾಯಿತು.

ಇಲಿಯಿಂದ ಮನುಷ್ಯನವರೆಗಿನ ದಾರಿ ದೊಡ್ಡದು. ಲಿಪೊಸೋಮ್‌ನಲ್ಲಿ ತುಂಬಿದ ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿಗೆ 1995ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಅದು ಇಂದಿಗೂ ಬಳಕೆಯಲ್ಲಿದೆ. ಲಿಪೊಸೋಮ್ ವಿನ್‌ಕ್ರಿಸ್ಟಿನ್‌ಗೆ 2012ರಲ್ಲಿ ಒಪ್ಪಿಗೆ ಸಿಕ್ಕಿತಾದರೂ 2022ರಲ್ಲಿ ಅದು ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಹಾಗೆಂದು ಮೂಟೆ ಕಟ್ಟಿದವರ ಶ್ರಮ ವ್ಯರ್ಥವಾಗಲಿಲ್ಲ. ಕ್ಯಾನ್ಸರ್ ಔಷಧಿ ಎಷ್ಟು ಕಟುವಾಗಿದೆ ಎಂದು ಕೇಳುತ್ತಿದ್ದ ಕಾಲದಿಂದ, ಅದು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ಅಲ್ಲಿ ಉಳಿಯುತ್ತದೆ ಎಂದು ಕೇಳುವ ಕಾಲಕ್ಕೆ ನಮ್ಮನ್ನು ದಾಟಿಸಿದವರು ಅವರೇ.

ರೈಲು ಬಂಗಾರಪೇಟೆ ಸೇರಿದಾಗ ಬಿಸಿಲು ಬಲಿತಿತ್ತು. ಬೌರಿಂಗ್‌ಪೇಟೆ ಎಂದಿದ್ದ ಈ ಊರು ಈಗ ಹೆಸರಾಗಿರುವುದು ಪಾನಿಪುರಿಗೆ. ಇಲ್ಲಿನ ಪಾನಿ ಹಸಿರಲ್ಲ, ಕನ್ನಡಿಯಂತೆ ತಿಳಿ. ಖಾರ ನಾಲಗೆಗೆ ಬಿದ್ದ ಮೇಲೇ ಗೊತ್ತಾಗುವುದು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಒಬ್ಬ ತಾಯಿ, ಆರೇಳು ವರ್ಷದ ಮಗ. ಹುಡುಗನ ತಲೆ ಬೋಳು, ಮೂಗಿಗೆ ಮಾಸ್ಕ್. ತಾಯಿಯ ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ದಪ್ಪ ಫೈಲು. ಈ ಕಡೆಯಿಂದ ಅಂಥ ಫೈಲು ಹಿಡಿದು ರೈಲು ಹತ್ತುವವರಲ್ಲಿ ಬಹುಮಂದಿ ಹೋಗುವುದು ಬೆಂಗಳೂರಿನ ಹೊಸೂರು ರಸ್ತೆಗೆ, 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆಗೆ.

“ಅಮ್ಮಾ, ಒಂದೇ ಒಂದು ಪುರಿ.”

“ಬೇಡ ಕಂದಾ, ಕೌಂಟು ಕಡಿಮೆ ಇದೆ ಅಂದ್ರಲ್ಲ ಡಾಕ್ಟ್ರು. ಎಲ್ಲಾ ಮುಗೀಲಿ, ಒಂದು ಪ್ಲೇಟೇ ಕೊಡಿಸ್ತೀನಿ.”

ಬಿಳಿಕಣದ ಕೌಂಟು ಎಂಬ ಮಾತು ಆ ಮಗುವಿಗೂ ಬಾಯಿಪಾಠ. ಚೀಲದಿಂದ ತಾಯಿ ತೆಗೆದದ್ದು ಮನೆಯಲ್ಲೇ ಮಾಡಿದ ಬಿಸಿ ಇಡ್ಲಿ. ಹುಡುಗ ಎದ್ದು ನಡೆದಾಗ ಪಾದ ನೆಲಕ್ಕೆ ಚಪ್ಪಟೆಯಾಗಿ ಬಿದ್ದು ತಪ್‌ತಪ್ ಎನ್ನುತ್ತಿತ್ತು. ಹಗ್ಗ ಹೊಸೆಯದಂತೆ ಮಾಡುವ ಔಷಧಿ ನರಕ್ಕೂ ತಾಗಿದ ಗುರುತು. ಚಿಕಿತ್ಸೆ ಮುಗಿದ ಮೇಲೆ ಹೆಚ್ಚಿನವರಲ್ಲಿ ಅದು ಸುಧಾರಿಸುತ್ತದೆ.

ಮಕ್ಕಳ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆ ಎರಡು ಮೂರು ವರ್ಷದ್ದು. ಆಸ್ಪತ್ರೆಯ ಸೂಜಿಗಳು ಕಡಿಮೆಯಾದ ಮೇಲೂ ಮನೆಯಲ್ಲಿ ದಿನಾ ಮರ್‌ಕ್ಯಾಪ್ಟೊಪ್ಯೂರಿನ್ ಮಾತ್ರೆ ನುಂಗುತ್ತಿರಬೇಕು. ಅಮೆರಿಕದಲ್ಲಿ ಸ್ಮಿತಾ ಭಾಟಿಯಾ ಮತ್ತು ಸಂಗಡಿಗರು ಲೆಕ್ಕವಿಟ್ಟು ನೋಡಿದಾಗ, ನೂರರಲ್ಲಿ 95 ಮಾತ್ರೆಗಿಂತ ಕಡಿಮೆ ನುಂಗಿದ ಮಕ್ಕಳಲ್ಲಿ ಕಾಯಿಲೆ ಮರಳುವ ಅಪಾಯ ಎರಡೂವರೆ ಪಟ್ಟಿಗಿಂತ ಹೆಚ್ಚಿತ್ತು. ಇಲ್ಲಿ ಪಂಪಿನ ಮಾತಿಲ್ಲ. ಔಷಧಿ ಒಳಗೆ ಹೋಗಲೇ ಇಲ್ಲ, ಅಷ್ಟೇ. ಮಗು ಚೇತರಿಸಿಕೊಂಡಿದೆ, ಇನ್ನೇಕೆ ಎಂದು ಮನೆಯವರು ಬಿಟ್ಟ ಮಾತ್ರೆ, ಊರ ಜಾತ್ರೆಯ ವಾರ ಮರೆತ ಮಾತ್ರೆ ಎಲ್ಲ ಈ ಲೆಕ್ಕಕ್ಕೆ ಸೇರುತ್ತವೆ.

ಇನ್ನೊಂದು ಮಾತು, ನಿತ್ಯಪುಷ್ಪದ ಎಲೆ ಅಗಿಯುವವರಿಗಾಗಿ: ಕೀಮೋ ನಡೆಯುವಾಗ ಅದರ ಜೊತೆ ಇನ್ನೇನು ಹೊಟ್ಟೆಗೆ ಸೇರುತ್ತದೆ ಎಂಬುದೂ ಮುಖ್ಯ. ಶಿಲೀಂಧ್ರದ ಸೋಂಕಿಗೆ ಕೊಡುವ ಇಟ್ರಕೊನಜೋಲ್‌ನಂಥ ಮಾತ್ರೆ ಈ ಪಂಪನ್ನೂ, ಔಷಧಿಯನ್ನು ಅರಗಿಸುವ ಯಕೃತ್ತಿನ ಕಿಣ್ವವನ್ನೂ ತಡೆಯುತ್ತದೆ. ಅದರ ಜೊತೆ ವಿನ್‌ಕ್ರಿಸ್ಟಿನ್ ಬಿದ್ದರೆ ನರಕ್ಕೆ ಆಗುವ ಪೆಟ್ಟು ಜೋರಾಗುತ್ತದೆ. ಚಕ್ಕೋತದ ರಸವೂ ಕೆಲವು ಔಷಧಿಗಳನ್ನು ಅರಗಿಸುವ ಕರುಳಿನ ಕಿಣ್ವವನ್ನು ತಡೆದು ರಕ್ತದಲ್ಲಿ ಅವುಗಳ ಮಟ್ಟ ಏರಿಸಬಲ್ಲದು. ಇನ್ನು ಆ ಗಿಡದ ಎಲೆ ಸ್ವತಃ ವಿಷ. ಅದರಲ್ಲಿ ಯಾವ ದಿನ ಎಷ್ಟಿದೆ ಎಂದು ಅಳೆದವರಿಲ್ಲ. ಔಷಧಿ ಆಗುವುದು ನೂರಾರು ಕಿಲೋದಿಂದ ಮಿಲಿಗ್ರಾಂ ಹೆಕ್ಕಿ, ತೂಗಿ, ನೇರ ರಕ್ತನಾಳಕ್ಕೆ ಬಿಟ್ಟಾಗ ಮಾತ್ರ.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ಕೀಮೋ ನಡೆಯುತ್ತಿದ್ದರೆ ಇಷ್ಟು ಮಾಡಿ. ನುಂಗುವ ಪ್ರತಿ ಮಾತ್ರೆ, ಕುಡಿಯುವ ಪ್ರತಿ ಕಷಾಯ, ಅಗಿಯುವ ಪ್ರತಿ ಎಲೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಆ ಫೈಲಿನ ಮೊದಲ ಪುಟಕ್ಕೆ ಸಿಕ್ಕಿಸಿ. ಬೈಯುತ್ತಾರೆಂದು ಬಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ಅವರು ಹೇಳುವ ತನಕ ಮಾತ್ರೆ ನಿಲ್ಲಿಸಬೇಡಿ.